ಗಾಲ್ಫ್ ಹುಲ್ಲಿನ ಮೇಲೆ ಚೆಲ್ಲಿದ ಚರಗ

ಬೇಗಂ ಬಜಾರ್

ಪರದೇಶಕ್ಕೆ ಹೋದವರು ಸಮುದ್ರ ನೋಡಿ ಬರುತ್ತಾರೆ, ದೊಡ್ಡ ದೊಡ್ಡ ಗುಡಿ ನೋಡಿ ಬರುತ್ತಾರೆ. ನಾವು ಗಂಡ ಹೆಂಡತಿ ಥಾಯ್ಲೆಂಡಿಗೆ ಹೋದದ್ದು ಹುಲ್ಲು ನೋಡಲು. ಹೀಗೆಂದರೆ ನಮ್ಮ ಓಣಿಯವರು ಇವತ್ತಿಗೂ ನಗುತ್ತಾರೆ. ನಗಲಿ, ಸುಳ್ಳಂತೂ ಅಲ್ಲ. ಟಿಕೆಟ್ಟು ಕೊಟ್ಟವರೇ ಹಾಗೆ ಹೇಳಿ ಕರೆದೊಯ್ದಿದ್ದರು.

ಹೈದರಾಬಾದಿನಲ್ಲಿ ಆಗ ಭೂಮಿಯ ಬೆಲೆಗೆ ರೆಕ್ಕೆ ಬಂದಿತ್ತು. ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಒಂದು ಎದ್ದರೆ ಅದರಾಚೆಯ ನಾಲ್ಕು ಹಳ್ಳಿಗಳಲ್ಲಿ ಸೈಟಿನ ಗಡಿಕಲ್ಲು ನೆಡುತ್ತಿದ್ದರು. ನಮ್ಮ ಬೇಗಂ ಬಜಾರಿನ ವ್ಯಾಪಾರಿಗಳು ಕೂಡ ಅರಿಶಿನ, ಹುಣಸೆಹಣ್ಣಿನ ಮಾತು ಬಿಟ್ಟು ಎಕರೆಯ ಮಾತಿಗೆ ಬಿದ್ದಿದ್ದರು.

ನನ್ನ ಅಪ್ಪ ಬೀದರಿನಿಂದ ಬಂದು ಇಲ್ಲಿ ಶಾಲೆಯ ಮಾಸ್ತರರಾಗಿದ್ದವರು. ಊರ ಹೊರಗೆ ಶಂಕರಪಲ್ಲಿ ದಾರಿಯಲ್ಲಿ, ಯಾರೂ ಆ ಕಡೆ ತಲೆ ಹಾಕದ ಕಾಲದಲ್ಲಿ, ನಾಲ್ಕು ಎಕರೆ ಕೊಂಡಿದ್ದರು. ನನ್ನ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಅದನ್ನು ನನ್ನ ಹೆಸರಿಗೆ ಬರೆದರು. ಅದರಲ್ಲೊಂದು ಬಾವಿ. ಪಕ್ಕದ ಲಂಬಾಣಿ ತಾಂಡಾದ ಹೆಂಗಸರು ನೀರು ಒಯ್ಯುವುದು ಅಲ್ಲಿಂದಲೇ. ಹೊಲ ನೋಡಿಕೊಳ್ಳುವ ಸೋನಾಬಾಯಿ ಕಾಯಿಪಲ್ಯ ಬೆಳೆಯುವುದೂ ಅದೇ ನೀರಿನಲ್ಲಿ. ಬೇಸಿಗೆಯಲ್ಲಿ ಸುತ್ತಲಿನ ಬೋರುಗಳು ಕೈಕೊಟ್ಟರೂ ಆ ಬಾವಿ ಬತ್ತಿದ್ದನ್ನು ನಾನು ಕಂಡಿಲ್ಲ.

ಒಬ್ಬ ಬಿಲ್ಡರ್ ಸುತ್ತಲಿನ ಜಮೀನನ್ನೆಲ್ಲ ಕೊಂಡು, ನಡುವೆ ಗಾಲ್ಫ್ ಮೈದಾನ, ಸುತ್ತ ವಿಲ್ಲಾಗಳನ್ನು ಕಟ್ಟಲು ಹೊರಟ. ಮೂಲೆಯಲ್ಲಿದ್ದ ನಮ್ಮ ನಾಲ್ಕು ಎಕರೆ ಮಾತ್ರ ಬಾಕಿ. ಕೊಟ್ಟರೆ ಮೈದಾನಕ್ಕೆ ಮುಖ ಮಾಡಿದ ಒಂದು ವಿಲ್ಲಾ ನಮ್ಮದು. ಅವರು ಕಳಿಸಿದ ಬಣ್ಣದ ಹಾಳೆಗಳಲ್ಲಿ ‘ಪರಿಸರಸ್ನೇಹಿ’ ಎಂಬ ಮಾತು ಪ್ರತಿ ಸಾಲಿಗೂ ಇತ್ತು. ನಂಬಿಕೆ ಇಲ್ಲದಿದ್ದರೆ ಬಂದು ನೋಡಿ ಎಂದು, ತಾವು ಮಾದರಿಯಾಗಿ ಇಟ್ಟುಕೊಂಡಿದ್ದ ಥಾಯ್ಲೆಂಡಿನ ರೆಸಾರ್ಟಿಗೆ ನಮ್ಮನ್ನು ಕಳಿಸಿದರು.

ನಮ್ಮ ಮನೆಯವರಿಗೆ ಆ ವಿಲ್ಲಾ ಡೌಲಿನ ವಸ್ತುವಲ್ಲ, ಔಷಧ. ಮೀಸೆ ಮೂಡುವ ಮೊದಲೇ ಮೆಣಸಿನಕಾಯಿ ಅಂಗಡಿಯಲ್ಲಿ ಕೂತವರು. ಅಂಗಡಿಯ ಮೇಲೆಯೇ ಮನೆ. ಖಾರದ ದೂಳು ಎದೆಯೊಳಗೆ ಇಳಿದು ಕೂತಿದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಬೆನ್ನಿಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡುತ್ತಾರೆ. ಈ ಗಾಳಿ ಬಿಟ್ಟು ಹೊರಗೆ ಹೋಗಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಸಹಿ ನನ್ನದು, ಉಸಿರು ಅವರದು. ನಾನು ಸಹಿ ಹಾಕುವ ಮನಸ್ಸು ಮಾಡಿಯೇ ಹೊರಟಿದ್ದೆ.

ಬ್ಯಾಂಕಾಕ್

ನಮ್ಮ ಜೊತೆ ಬಿಲ್ಡರನ ಕಡೆಯಿಂದ ಕಿರಣ ಬಂದಿದ್ದ. ಮೈಸೂರಿನವನು, ಮಾದಾಪುರದ ಆಫೀಸಿನಲ್ಲಿ ವಿಲ್ಲಾ ಮಾರುವ ಕೆಲಸ. ಕನ್ನಡದವರಿಗೆ ಕನ್ನಡದವನೇ ಇರಲಿ ಎಂದು ಅವನನ್ನು ಹಚ್ಚಿಕೊಟ್ಟಿದ್ದರು. ನಾವು “ಹೊಂಟೀವ್ರಿ” ಎಂದರೆ ಅವನು ನಗುತ್ತಿದ್ದ, ಅವನು “ಹೋಗೋಣ್ವಾ ಆಂಟಿ” ಎಂದರೆ ನಮಗೆ ನಗು.

ವಿಮಾನ ಇಳಿದ ಮೇಲೆ ನಮ್ಮ ಚೀಲ ತೆರೆಸಿದರು. ನಾನು ಕಟ್ಟಿಕೊಂಡಿದ್ದು ಸಜ್ಜೆ ರೊಟ್ಟಿ, ಎಳ್ಳ ಹೋಳಿಗೆ, ಶೇಂಗಾ ಚಟ್ನಿ, ಒಂದು ಡಬ್ಬಿ ಕೆಂಪು ಖಾರ. ತಪಾಸಣೆಯ ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದ. ಬೇಡ ಎನ್ನುವಷ್ಟರಲ್ಲಿ ಸೀನು ಶುರುವಾಯಿತು. ಅವನ ಸೀನಿಗೆ ಎದ್ದ ಪುಡಿ ನಮ್ಮವರ ಮೂಗಿಗೆ ಹೋಗಿ ಇವರಿಗೆ ಕೆಮ್ಮು. ಕೆಮ್ಮಿನ ನಡುವೆಯೂ ವ್ಯಾಪಾರಿ ವ್ಯಾಪಾರಿಯೇ.

“ಬ್ಯಾಡಗಿ ಐತ್ರಿ, ಖಾರ ಕಮ್ಮಿ, ಬಣ್ಣ ಭಾಳ,” ಎಂದು ಅವನಿಗೆ ಕನ್ನಡದಲ್ಲೇ ವಿವರಿಸಿದರು.

ಇಬ್ಬರೂ ಎದುರುಬದುರು ನಿಂತು ಕಣ್ಣೀರು ಒರೆಸಿಕೊಂಡರು. ನಾನು ಇಬ್ಬರಿಗೂ ನೀರು ಕೊಟ್ಟೆ. ಆ ಪುಣ್ಯಾತ್ಮ ಉಳಿದ ಚೀಲ ತೆರೆಯುವ ಉಸಾಬರಿಗೆ ಹೋಗದೆ ಕೈ ಜೋಡಿಸಿ ಕಳಿಸಿಬಿಟ್ಟ.

ಊರು ದಾಟಿ ಬೆಟ್ಟದ ಕಡೆ ಹೊರಟಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮನೆ, ಅಂಗಡಿ, ಪೆಟ್ರೋಲ್ ಬಂಕು, ಎಲ್ಲದರ ಮುಂದೆಯೂ ಕಂಬದ ಮೇಲೊಂದು ಪುಟ್ಟ ಗುಡಿ. ಅದರ ಮುಂದೆ ಹೂವು, ಊದುಬತ್ತಿ, ಮತ್ತೆ ಕೆಂಪು ಬಣ್ಣದ ಸೋಡಾ ಬಾಟಲಿ, ಕುಡಿಯಲು ಅದರೊಳಗೆ ಕೊಳವೆ ಬೇರೆ. ಕಿರಣ ಹಿಂದೆ ಬಂದಾಗ ಕೇಳಿ ತಿಳಿದುಕೊಂಡಿದ್ದನಂತೆ. ಮನುಷ್ಯರು ಬರುವ ಮೊದಲು ಪ್ರತಿ ಜಾಗಕ್ಕೂ ಒಬ್ಬ ಯಜಮಾನ ಇರುತ್ತಾನೆ. ನಾವು ಮನೆ ಕಟ್ಟಿದರೆ ಅವನಿಗೆ ನೆಲೆ ತಪ್ಪುತ್ತದೆ. ಹಾಗಾಗಿ ಅವನಿಗೊಂದು ಮನೆ ಮಾಡಿಕೊಡಬೇಕು, ನಮ್ಮ ಮನೆಯ ನೆರಳು ಅದರ ಮೇಲೆ ಬೀಳಬಾರದು.

“ಭಾಳ ಚಲೋ ಐತಿ ಇದು. ನಿಮ್ಮ ಸಾಹೇಬರಿಗೂ ಒಂದ್ಮಾತು ಹೇಳ್ರಿ ಕಿರಣಪ್ಪ,” ಎಂದರು ನಮ್ಮವರು.

“ಅದಕ್ಕೇ ಅಲ್ವಾ ಅಂಕಲ್, ನಿಮಗೆ ವಿಲ್ಲಾ ಕೊಡ್ತಿರೋದು,” ಎಂದ ಕಿರಣ. ಚುರುಕಿನ ಹುಡುಗ, ಮಾತಿಗೆ ಸೋಲುವವನಲ್ಲ.

ರೆಸಾರ್ಟ್, ಮೊದಲ ದಿನ

ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ‘ಪರಿಸರಸ್ನೇಹಿ’ ಎಂದು ಬೋರ್ಡು ಹಾಕಿ ನಾಲ್ಕು ಕುಂಡದಲ್ಲಿ ಗಿಡ ಇಟ್ಟಿರುತ್ತಾರೆ ಎಂದುಕೊಂಡಿದ್ದೆ. ಇದ್ದದ್ದು ಹಾಗಲ್ಲ, ಮಾಡಿದ್ದನ್ನು ಮನಸ್ಸಿಟ್ಟೇ ಮಾಡಿದ್ದರು. ಮನೆಗಳ ಸ್ನಾನದ ನೀರು, ಬಟ್ಟೆ ಒಗೆದ ನೀರು ಎಲ್ಲ ಒಂದೆಡೆ ಸೇರಿ, ಸೋಸಿಕೊಂಡು ಹುಲ್ಲಿಗೆ ಹೋಗುತ್ತಿತ್ತು. ಹಳೆಯ ಮರ ಅಡ್ಡ ಬಂದಲ್ಲಿ ರಸ್ತೆಯೇ ಬಳಸಿಕೊಂಡು ಹೋಗಿತ್ತು. ಕೊಂಡಾಪುರದಲ್ಲಿ ನಮ್ಮ ಮಗಳ ಅಪಾರ್ಟ್‌ಮೆಂಟಿಗೆ ಬೆಳಗಾದರೆ ನೀರಿನ ಟ್ಯಾಂಕರು ಬಂದು ನಿಲ್ಲುತ್ತದೆ, ಆ ನೀರು ಮಧ್ಯಾಹ್ನದೊಳಗೆ ಮೋರಿ ಸೇರುತ್ತದೆ. ಇಲ್ಲಿನ ಏರ್ಪಾಡು ನೋಡಿ ನನಗೆ ನಾಚಿಕೆಯೇ ಆಯಿತು.

ಆಟವಂತೂ ನನಗೆ ತಿಳಿಯಲಿಲ್ಲ. ಗಂಡಸರು ಕೋಲು ಬೀಸಿ ಚೆಂಡನ್ನು ದೂರಕ್ಕೆ ಹೊಡೆಯುತ್ತಾರೆ, ಆಮೇಲೆ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವರ ಕೋಲಿನ ಚೀಲ ನೋಡಿಕೊಳ್ಳುವವರು ಹೆಂಗಸರು. ತಲೆಗೆ ಅಗಲ ಟೋಪಿ, ಬಿಸಿಲಿಗೆ ಮುಖದ ತುಂಬ ಬಟ್ಟೆ, ಕಣ್ಣು ಮಾತ್ರ ಕಾಣುತ್ತವೆ. ನಮ್ಮವರು ಇದನ್ನು ಬಹಳ ಹೊತ್ತು ಬೆರಗಿನಿಂದ ನೋಡಿದರು.

“ಇದರಾಗ ಹೊಸಾದೇನೈತ್ರಿ? ಆಡಾಂವ ಗಂಡಸು, ಹೊರಾಕಿ ಹೆಂಗಸು,” ಎಂದೆ. ಅವರು ಕೇಳಿಸದವರ ಹಾಗೆ ಮುಂದೆ ನಡೆದರು.

ಊಟದ್ದು ಬೇರೆಯೇ ಕಥೆ. ನಾವು ಮಾಂಸ ಮೀನು ಮುಟ್ಟುವುದಿಲ್ಲ ಎಂದು ಕಿರಣ ಮೂರು ಸಲ ಹೇಳಿದ್ದ. ಅಡುಗೆಯವನು ನಗುನಗುತ್ತ ಸೊಪ್ಪಿನ ಪಲ್ಯ ತಂದಿಟ್ಟ. ತುತ್ತು ಬಾಯಿಗೆ ಬರುವ ಮೊದಲೇ ಮೀನಿನ ವಾಸನೆ. ಕೇಳಿದರೆ, ಮೀನು ಹಾಕಿಯೇ ಇಲ್ಲ, ಮೀನಿನ ರಸ ಮಾತ್ರ ಎರಡು ಚಮಚ ಎಂದ. ಅವನ ಲೆಕ್ಕದಲ್ಲಿ ಅದು ಉಪ್ಪು. ಪಾಪ, ಮನಸ್ಸು ನೋಯಿಸಬಾರದೆಂದು ಅನ್ನ, ಹಣ್ಣು ತಿಂದು ಕೋಣೆಗೆ ಬಂದು ರೊಟ್ಟಿ ಬಿಚ್ಚಿದೆವು.

ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ನಮ್ಮವರು ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಾರೆ. ದಿಂಬುಗಳೆಲ್ಲ ನೆಲದ ಮೇಲೆ. ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು, ಸಿಳ್ಳಿನ ಸದ್ದಿಲ್ಲ. ಅವರನ್ನು ಹಾಗೆ ಮಲಗಿದ್ದು ನೋಡಿ ಎಷ್ಟು ವರ್ಷವಾಗಿತ್ತೋ. ಸಂತೋಷಕ್ಕೆ ಕಣ್ಣು ತುಂಬಿದವು. ಕಾಗದ ಅಲ್ಲೇ ಇದ್ದಿದ್ದರೆ ಆಗಲೇ ಸಹಿ ಹಾಕಿಬಿಡುತ್ತಿದ್ದೆ.

ಅಮಾವಾಸ್ಯೆಯ ಬೆಳಿಗ್ಗೆ

ಅಂದೇ ಎಳ್ಳ ಅಮಾವಾಸ್ಯೆ. ನಮ್ಮ ಬೀದರ, ಕಲಬುರಗಿ ಕಡೆಯವರಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಆ ದಿನ ಮನೆಯಲ್ಲಿ ಉಣ್ಣುವುದಿಲ್ಲ. ರೊಟ್ಟಿ, ಕಡುಬು, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬೆಳೆ ಹೊತ್ತ ಭೂಮಿ ಬಸುರಿ, ಅವಳಿಗೆ ಉಣಿಸಿ ಆಮೇಲೆ ನಾವು. ಒಬ್ಬರು “ಹುಲ್ಲುಲ್ಲಿಗೋ” ಎಂದು ಕೂಗುತ್ತ ಅಡುಗೆಯನ್ನು ಬೆಳೆಯೊಳಗೆ ಚೆಲ್ಲುತ್ತ ಮುಂದೆ ಹೋಗಬೇಕು, ಇನ್ನೊಬ್ಬರು ನೀರು ಚಿಮುಕಿಸುತ್ತ ಹಿಂದೆ ಬರಬೇಕು. ಹೀಗೆ ಚೆಲ್ಲುವುದಕ್ಕೆ ಚರಗ ಎನ್ನುತ್ತೇವೆ. ಇರುವೆ, ಹುಳ, ಹಕ್ಕಿ, ಯಾವುದು ಬೇಕಾದರೂ ಬಂದು ತಿನ್ನಲಿ, ಭೂಮಿ ಉಂಡ ಹಾಗೆ.

ಮದುವೆಯಾದಾಗಿನಿಂದ ನನ್ನ ನಾಲ್ಕು ಎಕರೆಗೆ ಚರಗ ತಪ್ಪಿಸಿರಲಿಲ್ಲ. ಈ ಸಲ ಸೋನಾಬಾಯಿಗೆ ವಹಿಸಿ ಬಂದಿದ್ದೆ. ಬೆಳಗಿನ ಸಂತೋಷದ ನಡುವೆಯೂ ಅದೇ ಕೊರಗು. ಕಿಟಕಿಯ ಹೊರಗೆ ಕಣ್ಣು ಹೋದಷ್ಟು ದೂರ ಹುಲ್ಲು, ಇಬ್ಬನಿ. ನಾಳೆ ನನ್ನ ಹೊಲವೂ ಹೀಗೇ ಆಗುವುದಾದರೆ ಇಲ್ಲಿಗೂ ನಾನು ಉಣಿಸಬೇಕಲ್ಲವೇ ಎಂದು ಅನಿಸಿತು. ಸಜ್ಜೆ ರೊಟ್ಟಿ ಮುರಿದು, ಎಳ್ಳ ಹೋಳಿಗೆ ಪುಡಿ ಮಾಡಿ, ತಿಂಡಿಯ ಕೋಣೆಯಿಂದ ಮೊಸರು ತಂದು ಕಲಸಿದೆ.

“ಏನ್ ಹುಚ್ಚ ಹಿಡದೈತೇನ ನಿನಗ? ಯಾರರೆ ನೋಡಿದ್ರ?” ಎಂದರು ನಮ್ಮವರು.

“ನೋಡ್ಲಿ ಬಿಡ್ರಿ. ಆ ನೀರಿನ ಬಾಟ್ಲಿ ಹಿಡ್ಕೊಂಡು ಹಿಂದ ಬರ್ರಿ.”

ಆಟದವರು ಇನ್ನೂ ಬಂದಿರಲಿಲ್ಲ. ಎದುರಿಗೆ ಒಂದು ಕಡೆ ಹುಲ್ಲನ್ನು ಜಮಖಾನೆಯ ಹಾಗೆ ನುಣ್ಣಗೆ ಕತ್ತರಿಸಿದ್ದರು. ಎಷ್ಟು ಚಂದದ ಜಾಗ ಎಂದು ಅಲ್ಲಿಗೇ ಹೋದೆವು. ನಾನು ಸೆರಗು ಹೊದ್ದು, “ಹುಲ್ಲುಲ್ಲಿಗೋ” ಎಂದು ಮೆಲ್ಲಗೆ ಶುರು ಮಾಡಿದವಳು ಆಮೇಲೆ ದನಿ ಏರಿಸಿಬಿಟ್ಟೆ. ಹಿಂದೆ ನಮ್ಮವರು ಮಿನರಲ್ ವಾಟರ್ ಚಿಮುಕಿಸುತ್ತ ಬಂದರು. ಚೀಲ ಹೊರುವ ಇಬ್ಬರು ಹೆಂಗಸರು ದೂರದಿಂದ ನೋಡಿದವರು ಪೂಜೆ ಎಂದು ತಿಳಿದು ನಿಂತಲ್ಲೇ ಕೈ ಮುಗಿದರು.

ಅಷ್ಟರಲ್ಲಿ ಇಬ್ಬರು ಕೆಲಸದವರು ಓಡಿ ಬಂದರು. ಒಬ್ಬ ಕುಕ್ಕುರುಗಾಲಲ್ಲಿ ಕೂತು ರೊಟ್ಟಿಯ ಚೂರನ್ನು ಬೆರಳಿನಿಂದ ಒಂದೊಂದಾಗಿ ಎತ್ತತೊಡಗಿದ. ಇನ್ನೊಬ್ಬ ಮೊಸರು ಬಿದ್ದಲ್ಲಿ ನೀರು ಹಾಕಿ ತೊಳೆದ. ನಮ್ಮನ್ನು ಬಯ್ಯಲಿಲ್ಲ, ಮುಖ ಮಾತ್ರ ಗಾಬರಿಯಾಗಿತ್ತು. ಹಬ್ಬದ ದಿನ ಭೂಮಿಯ ಬಾಯಿಗಿಟ್ಟ ತುತ್ತನ್ನು ಯಾರೂ ಹೀಗೆ ತೆಗೆದದ್ದನ್ನು ನಾನು ನೋಡಿರಲಿಲ್ಲ. ನಾಚಿಕೆಯಾಯಿತು, ಜೊತೆಗೆ ಸಂಕಟವೂ ಆಯಿತು.

ಪುಟ್ಟ ಗಾಡಿಯಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ನೋಯ್, ಆ ಮೈದಾನದ ಹುಲ್ಲು ನೀರಿನ ಹೊಣೆಯೆಲ್ಲ ಅವಳದು. ಕಿರಣನೂ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದ. ನನ್ನ ಇಂಗ್ಲಿಷ್ ಸಾಲದ ಕಡೆ ಅವನೇ ಎರಡೂ ಕಡೆಯ ಮಾತು ದಾಟಿಸಿದ. ನಾವು ಮಾಡುತ್ತಿದ್ದುದೇನೆಂದು ತಿಳಿದಾಗ ನೋಯ್ ಕೋಪ ಮಾಡಿಕೊಳ್ಳಲಿಲ್ಲ.

“ನೆಲಕ್ಕೆ ನಾವೂ ಉಣಿಸುತ್ತೇವೆ,” ಎಂದಳು. “ಆದರೆ ಇದು ಗ್ರೀನ್. ಚೆಂಡು ಕೊನೆಗೆ ಉರುಳಿ ಗುಳಿಗೆ ಬೀಳುವ ಜಾಗ. ಅನ್ನ ಬಿದ್ದರೆ ಇರುವೆ ಬರುತ್ತದೆ. ಇರುವೆ ಮಣ್ಣು ಎತ್ತಿದರೆ ಚೆಂಡು ಉರುಳುವುದಿಲ್ಲ. ಇಷ್ಟು ಜಾಗದಲ್ಲಿ ಮಾತ್ರ ನಾನು ಒಂದು ಇರುವೆಯನ್ನೂ ಬಿಡುವ ಹಾಗಿಲ್ಲ.”

“ಬಂದರೆ?” ಎಂದು ಕೇಳಿದೆ.

“ಔಷಧ ಹೊಡೆಯುತ್ತೇನೆ,” ಎಂದಳು. ಸುತ್ತುಬಳಸಿ ಹೇಳಲಿಲ್ಲ, ಅದೇ ನನಗೆ ಮೆಚ್ಚುಗೆಯಾಯಿತು.

ಅವಳನ್ನು ಅನ್ನಲು ನನಗೇನು ಹಕ್ಕು? ನನ್ನ ಅಡುಗೆಮನೆಯಲ್ಲಿ ಇರುವೆ ಸಾಲು ಕಂಡರೆ ನಾನೂ ಅರಿಶಿನ ಸುರಿದು ಗೆರೆ ಎಳೆಯುತ್ತೇನೆ. ಬದುಕುವವರೆಲ್ಲ ಒಂದಲ್ಲ ಒಂದು ಕಡೆ ಇಲ್ಲಿಗೆ ಬರಬೇಡ ಎಂದು ಗೆರೆ ಎಳೆಯುವವರೇ. ಆ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಕೊಳದ ದಂಡೆ

ನೋಯ್ ನಮ್ಮನ್ನು ಗಾಡಿಯಲ್ಲಿ ಕೂರಿಸಿಕೊಂಡು, ಬೇಲಿಯ ಬಾಗಿಲು ದಾಟಿ ಮೈದಾನದ ಆಚೆ ಬದಿಗೆ ಕರೆದೊಯ್ದಳು. ಅಲ್ಲಿ ಹಳೆಯ ಕೊಳವೊಂದಿತ್ತು. ಸುತ್ತ ಆಳೆತ್ತರದ ಜೊಂಡು, ಕತ್ತರಿಸದ ಹುಲ್ಲು, ಬೆಳ್ಳಕ್ಕಿಗಳ ಗದ್ದಲ. ಉಳಿದ ಚರಗವನ್ನು ಇಲ್ಲಿ ಚೆಲ್ಲಿ ಎಂದಳು. ಚೆಲ್ಲಿದೆ. ನಾವು ಅಲ್ಲಿ ಕೂತಿರುವಾಗಲೇ ಮೈನಾದಂತಹ ಹಕ್ಕಿಗಳು ಇಳಿದು ರೊಟ್ಟಿಗೆ ಜಗಳವಾಡಿದವು.

ಕೊಳದ ಆ ದಡದಲ್ಲಿ ಊರಿನವರು ಕೊಡ ತುಂಬಿಕೊಳ್ಳುತ್ತಿದ್ದರು. ರೆಸಾರ್ಟಿನ ಬೇಲಿ ಕೊಳದ ಈಚೆಗೇ ನಿಂತಿತ್ತು. ಮೊದಲ ನಕ್ಷೆಯಲ್ಲಿ ಕೊಳ ಬೇಲಿಯ ಒಳಗಿತ್ತಂತೆ. ಊರಿನವರು ಹಟ ಹಿಡಿದರು, ಕೆಲಸ ಶುರುವಾಗುವ ಮೊದಲೇ ಬೇಲಿ ಸರಿಯಿತು.

“ನಕ್ಷೆ ಕಾಗದದ ಮೇಲೆ ಇರುವವರೆಗೆ ಏನನ್ನೂ ಸರಿಸಬಹುದು,” ಎಂದಳು ನೋಯ್. “ಹುಲ್ಲು ಹಾಕಿದ ಮೇಲೆ ಆಗುವುದಿಲ್ಲ.”

ನಾನು ಕಿರಣನ ಕಡೆ ತಿರುಗಿದೆ. “ಕಿರಣಪ್ಪ, ನಮ್ಮ ಹೊಲದ ನಕ್ಷಾ ನಿಮ್ಮ ಕಡೆ ಐತೇನು? ನನ್ನ ಬಾವಿ ಎಲ್ಲಿ ಬರ್ತೈತಿ ತೋರಸ್ರಿ.”

ಕೋಣೆಗೆ ಬಂದು ಅವನು ಲ್ಯಾಪ್‌ಟಾಪ್ ತೆರೆದ, ನೋಯ್ ಕೂಡ ಜೊತೆಗೆ ಬಂದಳು. ಹಸಿರು ಬಣ್ಣದ ನಡುವೆ ಇನ್ನೂ ತಿಳಿಯಾದ ಹಸಿರಿನ ಒಂದು ಗುಂಡನೆಯ ಜಾಗ. ನೋಯ್ ಬಗ್ಗಿ ನೋಡಿ, ಇದು ಗ್ರೀನ್ ಎಂದು ಅದರ ಮೇಲೆ ಬೆರಳಿಟ್ಟಳು. ಕಿರಣ ಗುರುತು ತೋರಿಸಿದ, ನನ್ನ ಬಾವಿ ಇದ್ದದ್ದು ಸರಿಯಾಗಿ ಆ ಗ್ರೀನಿನ ಕೆಳಗೆ.

“ಬಾವಿ ಮುಚ್ಚಿದ್ರೂ ಪಕ್ಕದಲ್ಲೇ ದೊಡ್ಡ ಲೇಕ್ ಬರುತ್ತೆ ಆಂಟಿ, ದೋಣಿ ಎಲ್ಲಾ ಬಿಡ್ತಾರೆ,” ಎಂದ ಕಿರಣ.

“ತಾಂಡಾದವ್ರು ನೀರು ತರಾಕ ಬರಬಹುದೇನು ಅಲ್ಲಿಗೆ?”

ಅವನು ತಲೆ ಕೆರೆದುಕೊಂಡ. “ಒಳಗೆ ಬಿಡೋಕಾಗಲ್ಲ ಆಂಟಿ, ಗೇಟ್ ಇರುತ್ತಲ್ವಾ. ಅವರಿಗೆ ಹೊರಗೆ ಒಂದು ನಲ್ಲಿ ಹಾಕಿಸ್ತಾರೆ.”

“ನಲ್ಲ್ಯಾಗ ನೀರು ಎಲ್ಲಿಂದ ಬರ್ತೈತಿ?”

ಅದನ್ನು ಆಫೀಸಿನವರು ತನಗೆ ಹೇಳಿಲ್ಲ ಎಂದ. ಗ್ರೀನನ್ನು ಸರಿಸಲಾದೀತೇ ಕೇಳಿ ನೋಡು ಎಂದೆ. ಅವನು ಮನಸ್ಸಿಟ್ಟೇ ಆಫೀಸಿಗೆ ಫೋನು ಹಚ್ಚಿದ, ಹೊರಗೆ ನಡೆದಾಡುತ್ತ ತೆಲುಗಿನಲ್ಲಿ ಬಹಳ ಹೊತ್ತು ವಾದಿಸಿದ. ಮರಳಿ ಬಂದಾಗ ಮುಖ ಬಾಡಿತ್ತು. ಆ ಗ್ರೀನಿಗೆ ಎದುರಾಗಿರುವ ವಿಲ್ಲಾಗಳನ್ನು ಆಗಲೇ ಜನ ಮುಂಗಡ ಕೊಟ್ಟು ಹಿಡಿದಿಟ್ಟಿದ್ದರಂತೆ. ಸರಿಸಲಾಗದು, ಬಾವಿ ಉಳಿಯದು.

ಸಂಜೆ ನಾವು ಗಂಡ ಹೆಂಡತಿ ರೆಸಾರ್ಟಿನ ಹಿಂದಿನ ದಿಬ್ಬ ಹತ್ತಿದೆವು. ಮೊದಲಾಗಿದ್ದರೆ ಉಸಿರಿಗೆಂದು ನಾಲ್ಕು ಕಡೆ ನಿಲ್ಲುತ್ತಿದ್ದ ನಮ್ಮವರು ಅಂದು ಎಲ್ಲೂ ನಿಲ್ಲಲಿಲ್ಲ. ಮೇಲೆ ಹೋಗಿ ಸೊಂಟದ ಮೇಲೆ ಕೈಯಿಟ್ಟು, ಹುಡುಗರ ಹಾಗೆ ಎದೆ ತುಂಬ ಗಾಳಿ ಎಳೆದುಕೊಂಡು ನಕ್ಕರು. ನನಗೆ ನಗಲಾಗಲಿಲ್ಲ. ಈ ಉಸಿರನ್ನು ಅವರಿಗೆ ಕೊಡುವುದೂ ಕೊಡದಿರುವುದೂ ನನ್ನ ಕೈಯಲ್ಲಿದೆ ಎಂದು ಹೆದರಿಕೆಯಾಯಿತು.

ಮರಳಿ

ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಕಿರಣ ಕೇಳಿದ. ಅವನೂ ಆಫೀಸಿಗೆ ಉತ್ತರ ಕೊಡಬೇಕಲ್ಲ.

“ಏನು ಹೇಳ್ಲಿ ಆಂಟಿ?”

“ಬಾವಿ ಮುಚ್ಚೂದಾದ್ರ ನನ್ನ ಸಹಿ ಇಲ್ಲಪ್ಪ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದೆ. ನಮ್ಮವರ ಮುಖ ನೋಡಲಿಲ್ಲ. ನಲ್ಲಿಯ ನೀರು ಎಲ್ಲಿಂದ ಎಂದು ಕೇಳಿ ಉತ್ತರ ಸಿಗದ ಮೇಲೆ ಸೋನಾಬಾಯಿಯ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗಿರಲಿಲ್ಲ. ಇನ್ನು ಅವರ ಒಂದೊಂದು ಕೆಮ್ಮಿಗೂ ನಾನೇ ಹೊಣೆ ಎಂಬುದೂ ಗೊತ್ತಿತ್ತು.

ವಿಮಾನದಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಕೋಪವೋ, ಯೋಚನೆಯೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು.

ಬೇಗಂ ಬಜಾರಿನಲ್ಲಿ ಹೊಸ ಮೆಣಸಿನಕಾಯಿ ಬಂದಿತ್ತು. ಓಣಿಯ ಉದ್ದಕ್ಕೂ ಚೀಲಗಳು, ಇಳಿಸುವವರ ಕೂಗು, ಗಾಳಿಯಲ್ಲಿ ಘಾಟು. ಮನೆಯ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. ಅಲ್ಲೇ ಕೂತುಬಿಟ್ಟರು. ನಾನು ಪಕ್ಕದಲ್ಲಿ ಕೂತು ಬೆನ್ನು ನೀವಿದೆ. ತಪ್ಪಾಯಿತು, ನಾಳೆಯೇ ಕಿರಣನಿಗೆ ಹೇಳಿಕಳಿಸುತ್ತೇನೆ ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು.

ಕೆಮ್ಮು ತಗ್ಗಿದ ಮೇಲೆ ಅವರೇ ಕೇಳಿದರು.

“ಬಾವಿ ಬಾಜೂಕ ಬೇವಿನ ಗಿಡ ಐತಲ್ಲ, ಅಲ್ಲಿ ಎರಡ ಖೋಲಿ ಆಗ್ತಾವೇನು?”

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇದೇ ಮನುಷ್ಯ ಹಬ್ಬದ ದಿನ ಕೂಡ ಹೊಲದಲ್ಲಿ ಸಂಜೆಯವರೆಗೆ ನಿಂತವರಲ್ಲ. ಬಿಸಿಲು ಇಳಿಯುತ್ತಲೇ ಅಂಗಡಿ, ಅಂಗಡಿ ಎಂದು ಗಡಿಬಿಡಿ ಮಾಡಿ ಎಲ್ಲರನ್ನೂ ಎಬ್ಬಿಸುವವರು. ಜನರ ಗದ್ದಲವಿಲ್ಲದ ಕಡೆ ಒಂದು ದಿನವೂ ಬದುಕಲಾರೆ ಎನ್ನುತ್ತಿದ್ದವರು. ಆ ನಾಲ್ಕು ಎಕರೆಯಲ್ಲಿ ನಾವೇ ಹೋಗಿ ಇರಬಹುದೆಂದು ನಮ್ಮಿಬ್ಬರಲ್ಲಿ ಯಾರಿಗೂ ಇಷ್ಟು ವರ್ಷ ಹೊಳೆದಿರಲಿಲ್ಲ.

“ಆಗ್ತಾವ್ರಿ,” ಎಂದೆ. “ಅಂಗಡಿ?”

“ಈಗ ನಾಕ ದಿನ ನೋಡ್ಕೊಂಡಂಗ ನನ್ನ ತಮ್ಮ ನೋಡ್ಕೋತಾನ. ನಾ ಆಗೀಗ ಬಂದು ಹೋಗ್ತೀನಿ.” ಸ್ವಲ್ಪ ಸುಧಾರಿಸಿಕೊಂಡು ಕೇಳಿದರು, “ಅಲ್ಲಿ ಹಾವು ಬರ್ತಾವೇನು?”

ಸುಳ್ಳು ಹೇಳಿ ಕರೆದೊಯ್ಯಲು ಮನಸ್ಸಾಗಲಿಲ್ಲ. “ಬರ್ತಾವ್ರಿ,” ಎಂದೆ.

ಅವರು ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತರು. “ಹಂಗಾದ್ರ ಮಂಚ ಎತ್ತರ ಇರ್ಲಿ,” ಎಂದರು.